ಹಿಲಾರಿಯೊ ಎರಡು ಸಲ ತೀರಿಕೊಂಡದ್ದು

ನಮ್ಮ ಊರಿನಲ್ಲಿ ಯಾರೇ ಸತ್ತರೂ ರೇಡಿಯೊದಲ್ಲಿ ಬರುವ ತನಕ ಅವರು ಪೂರ್ತಿ ಸತ್ತ ಲೆಕ್ಕವಲ್ಲ. ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿದ ಮೇಲೆ, ಮೀನಿನ ದರ ಹೇಳುವುದಕ್ಕೆ ಮೊದಲು, ವಾರ್ತೆ ಓದುವ, ಊರಿಗೆಲ್ಲ ನೊಂಗ್ ಅಂದರೆ ಅಣ್ಣನಾದ ಸುಲ್ಪಿಸಿಯೊ ತಮ್ಮ ಗಡಸು ದನಿಯನ್ನು ಒಂದು ಮೆಟ್ಟಿಲು ಕೆಳಗಿಳಿಸಿ "ನಿಧನ ವಾರ್ತೆ" ಎನ್ನುತ್ತಾರೆ. ಹಿಂದೆ ಆರ್ಗನ್ ಸಣ್ಣಗೆ ಶುರುವಾಗುತ್ತದೆ. ಆಗ ಬಾರಂಗಾಯ್‌ಗಳ, ಅಂದರೆ ಕೇರಿಕೇರಿಗಳ, ಅಡುಗೆಮನೆಗಳಲ್ಲಿ ಕಾಫಿ ಕದಡುವ ಚಮಚಗಳ ಸದ್ದು ನಿಲ್ಲುತ್ತದೆ. ಹೊಲಕ್ಕೆ ಹೊರಟವರು ಒಂದು ಕಾಲು ಹೊಸ್ತಿಲಾಚೆ ಇಟ್ಟು ಹಾಗೇ ನಿಲ್ಲುತ್ತಾರೆ. ಸತ್ತವರ ಹೆಸರು, ವಯಸ್ಸು, ಹೆಣದ ಜಾಗರಣೆ ಯಾರ ಮನೆಯಲ್ಲಿ, ಮಣ್ಣು ಯಾವತ್ತು ಎಂಬುದನ್ನೆಲ್ಲ ಕೇಳಿಕೊಂಡ ಮೇಲೇ ಊರು ಮುಂದಕ್ಕೆ ಚಲಿಸುವುದು.

ಈ ವಾರ್ತೆ ಮೊದಲು ಚೀಟಿಗಳಲ್ಲಿ ಬರುತ್ತಿತ್ತು. ನೊಂಗ್ ಸುಲ್ಪಿಸಿಯೊ ಅವರ ಕಣ್ಣು ಮಂಜಾಗುತ್ತಾ ಬಂದಂತೆ ಚೀಟಿಗಳು ತಲೆಕೆಳಗಾಗುವುದು, ಎರಡು ಚೀಟಿ ಅಂಟಿಕೊಳ್ಳುವುದು ಹೆಚ್ಚಾಯಿತು. ಸ್ಟೇಷನ್ನಿನ ಏಕೈಕ ತಂತ್ರಜ್ಞೆ ರೋಸ್‌ಬೆಲ್. ಕಂಬ ಹತ್ತುವವಳೂ ಅವಳೇ, ಮೈಕ್ ಬಿಚ್ಚುವವಳೂ ಅವಳೇ, ಕಂಪ್ಯೂಟರಿಗೆ ಬೈಯುವವಳೂ ಅವಳೇ. ಅವಳು ಕೂತು ಕಂಪ್ಯೂಟರಿಗೆ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಬರೆದಳು. ಸ್ಟೇಷನ್ನಿನ ಮುಂಬಾಗಿಲ ಮೇಜಿನಲ್ಲಿ ಟೈಪಾದ ಸಾವಿನ ಸುದ್ದಿಗಳದ್ದೊಂದು ಫೈಲ್, ಶವಪೆಟ್ಟಿಗೆ ಅಂಗಡಿಯಿಂದ ಬರುವ ಸುದ್ದಿಗಳದ್ದೊಂದು ಫೈಲ್. ಎರಡನ್ನೂ ಸ್ಕ್ರಿಪ್ಟ್ ಬೆಳಿಗ್ಗೆ ತಾನಾಗಿಯೇ ಓದಿ, ಸೇರಿಸಿ, ಹೊಸದೊಂದು ಫೈಲ್ ಬರೆದು, ಸ್ಟುಡಿಯೊದ ಸ್ಕ್ರೀನಿನ ಮೇಲೆ ಕುಂಬಳಕಾಯಿ ಗಾತ್ರದ ಅಕ್ಷರಗಳಲ್ಲಿ ತೋರಿಸುತ್ತಿತ್ತು. ಒಬ್ಬರಿಗೆ ಒಂದೇ ಸಾಲು. ಪ್ರತಿ ಸಾಲಿನ ಮುಂದೆ "ನಿಧನ:" ಎಂಬ ಪದವನ್ನು ಸ್ಕ್ರಿಪ್ಟೇ ಹಚ್ಚುತ್ತಿತ್ತು.

"ಮೊದಲೇ ಒಂದ್ಸಲ ಕಣ್ಣಾಡಿಸ್ಬಿಡಿ ನೊಂಗ್," ಎಂದು ಅವಳು ಹೇಳಿದ್ದಳು.

"ಮೊದಲೇ ಓದಿದ್ರೆ ದುಃಖ ಹಳಸಿಹೋಗುತ್ತೆ ಇಂದಾಯ್," ಎಂದಿದ್ದರು ಸುಲ್ಪಿಸಿಯೊ, ಕಿರಿಯ ಹೆಣ್ಣುಮಕ್ಕಳನ್ನು ಕರೆಯುವ ಸಲಿಗೆಯ ಮಾತಿನಲ್ಲಿ. "ಮೈಕ್ ಮುಂದೆ ಬಿಸಿಬಿಸಿಯಾಗಿ ಓದ್ಬೇಕು. ಬರೆಯೋಳು ನೀನು, ಓದೋನು ನಾನು. ನಿನ್ನ ಕೆಲಸ ನೀನು ನೆಟ್ಟಗೆ ಮಾಡು."

ಆ ಮಂಗಳವಾರ ಬೆಳಿಗ್ಗೆ ಅವರು ಬಿಸಿಬಿಸಿಯಾಗಿ ಓದಿದ್ದು ಹೀಗೆ: "ನಿಧನ: ಪುರಿಫಿಕಾಸಿಯೊನ್ ಪೆನ್ಯಾಫ್ಲೋರ್, ಎಂಬತ್ತೊಂದು ವರ್ಷ, ಇಗ್‌ಬಾಲಾಂಗ್‌ನ ದರ್ಜಿ, ನಮ್ಮನ್ನೆಲ್ಲ ಬಿಟ್ಟು ಹೋದರು." ಒಂದು ನಿಟ್ಟುಸಿರು. ಆಮೇಲೆ ಮುಂದಿನ ಸಾಲು: "ನಿಧನ: ಹಿಲಾರಿಯೊ ಪೆನ್ಯಾಫ್ಲೋರ್, ಅವರ ಮನೆಯಲ್ಲಿ ಜಾಗರಣೆ ನಡೆಯುತ್ತಿದೆ, ಬಂಧುಗಳೂ ಪರಿಚಿತರೂ ಬರಬೇಕಾಗಿ ವಿನಂತಿ."

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಸುಲ್ಪಿಸಿಯೊ ನಿಜವಾಗಿಯೂ ನೊಂದು ಮುಂದಕ್ಕೆ ಬಾಗಿದರು. "ಅಯ್ಯೋ ದೇವರೇ," ಎಂದರು ಮೈಕಿನಲ್ಲಿ, "ಅಕ್ಕನ ಹಿಂದೆಯೇ ತಮ್ಮನೂ ಹೋದನೇ! ಎಂಥ ಪ್ರೀತಿ!" ಆರ್ಗನ್ನಿನ ಸದ್ದು ಏರಿತು.

ರೋಸ್‌ಬೆಲ್ ಕಂಟ್ರೋಲ್ ರೂಮಿನಲ್ಲಿ ಕೂತು ಕಾಫಿಗೆ ಪಂದೆಸಾಲ್ ಬನ್ನು ಅದ್ದಿಕೊಂಡು ತಿನ್ನುತ್ತಿದ್ದಳು. ಸಾವಿನ ಸುದ್ದಿ ಅವಳಿಗೆ ನಿತ್ಯದ್ದು. ಏನೂ ಅನ್ನಿಸಲಿಲ್ಲ.

ಮೀನಿನ ದರ, ಹವಾಮಾನ ಎಲ್ಲ ಮುಗಿದು ಹಾಡುಗಳು ಶುರುವಾದ ಹೊತ್ತಿಗೆ ಬೈಕಿಗೆ ಪಕ್ಕದ ಗಾಡಿ ಕಟ್ಟಿದ ಒಂದು ಬಾಡಿಗೆ ಟ್ರೈಸಿಕಲ್ ಸ್ಟೇಷನ್ನಿನ ಅಂಗಳಕ್ಕೆ ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಅದರಿಂದ ಇಳಿದದ್ದು ಇಸ್ತ್ರಿ ಮಾಡಿದ ಬಿಳಿ ಅಂಗಿಯ, ಎದೆಗೆ ಶೋಕದ ಕಪ್ಪು ಪಟ್ಟಿ ಚುಚ್ಚಿಕೊಂಡ, ತೆಳ್ಳಗಿನ ಮುದುಕ. ಬಾಗಿಲಲ್ಲಿ ನಿಂತು ಕೇಳಿದ: "ನನ್ನನ್ನ ಸಾಯಿಸಿದೋರು ಯಾರಪ್ಪಾ?"

ಸುಲ್ಪಿಸಿಯೊ ಹೊರಗೆ ಬಂದವರೇ ಶಿಲುಬೆಯ ಗುರುತು ಹಾಕಿಕೊಂಡರು. ಅವರಿಗೂ ಹಿಲಾರಿಯೊಗೂ ಕೋಳಿ ಅಂಕದಲ್ಲಿ ಹಳೆಯ ಪರಿಚಯ.

"ಹಿಲಾರಿಯೊ! ನೀನು ಸತ್ತಿಲ್ವಾ?"

"ನೀನು ಹೇಳಿದ್ಮೇಲೆ ಸತ್ತೇ ಇರ್ಬೇಕು. ಇಡೀ ಇಗ್‌ಬಾಲಾಂಗ್ ಕೇರಿ ನಂಬಿದೆ. ನನ್ನ ಮನೇಲಿ ಅಕ್ಕನ ಪೆಟ್ಟಿಗೆ ಇಟ್ಕೊಂಡು ನಾನು ಕೂತಿದೀನಿ. ಜನ ಅಳ್ತಾ ಒಳಗೆ ಬರ್ತಾರೆ, ಅಕ್ಕನ್ನ ದಾಟ್ಕೊಂಡು ಹೋಗಿ, 'ಹಿಲಾರಿಯೊನ ಪೆಟ್ಟಿಗೆ ಎಲ್ಲಿ?' ಅಂತ ಕೇಳ್ತಾರೆ. 'ನಾನೇ ಹಿಲಾರಿಯೊ' ಅಂದ್ರೆ ಒಬ್ಬಳು ಮೂರ್ಛೆ ಹೋದ್ಲು. ಅವಳಿಗೆ ನೀರು ಕುಡಿಸಿದ್ದೂ ನಾನೇ. ಪಕ್ಕದ ಮನೆ ಗೌದೆನ್ಸಿಯೊ ಹಿತ್ತಿಲಿಗೆ ಹೋಗಿ ನನ್ನ ಕೆಂಪು ಹುಂಜ ಬಿಚ್ಕೊಂಡು ಹೋಗಿದಾನೆ. ಸತ್ಮೇಲೆ ಅವನಿಗೆ ಕೊಡ್ತೀನಿ ಅಂತ ನಾನು ಯಾವತ್ತೋ ಕುಡಿದಾಗ ಹೇಳಿದ್ನಂತೆ."

ರೋಸ್‌ಬೆಲ್‌ಗೆ ನಗು ಬಂತು. ಅದನ್ನು ಅವನು ನೋಡಿಬಿಟ್ಟ.

"ನಗು ಇಂದಾಯ್, ನಗು. ನನ್ನಕ್ಕ ಈ ಊರಿನ ಅರ್ಧ ಮಕ್ಕಳಿಗೆ ಸ್ಕೂಲ್ ಬಟ್ಟೆ ಹೊಲಿದೋಳು. ಅವ್ಳು ಹೋದ್ಲು ಅಂತ ಒಬ್ಬರೂ ಒಂದು ಮಾತು ಆಡ್ಲಿಲ್ಲ. ಎಲ್ಲರ ಬಾಯಲ್ಲೂ ನಾನೇ. ನಾನು ಸತ್ತೆ, ನಾನು ಎದ್ದೆ. ಅವಳಿಗಿದ್ದ ಒಂದೇ ಒಂದು ದಿನಾನೂ ನಾನೇ ತಿಂದ್ಹಾಕಿದ ಹಾಗಾಯ್ತು."

ಅವಳ ನಗು ನಿಂತಿತು.

ಸ್ಟೇಷನ್ನಿನ ಮ್ಯಾನೇಜರ್ ಬಂದು ಕೈಮುಗಿದು ಕ್ಷಮೆ ಕೇಳಿದರು. ನಾಳೆ ಬೆಳಿಗ್ಗೆ ತಿದ್ದುಪಡಿ ಓದಿಸುವುದಾಗಿ ಹೇಳಿದರು. ಹಿಲಾರಿಯೊ ಒಂದೇ ಮಾತು ಹೇಳಿದ: "ತಿದ್ದುಪಡೀನ ಶವಪೆಟ್ಟಿಗೆ ಅಂಗಡಿ ಕ್ರಿಸಾಂತಾನೇ ಬರೀಲಿ. ಅವಳ ಬರಹದಲ್ಲಿ ಒಂದು ಮರ್ಯಾದೆ ಇರುತ್ತೆ."

ಅವನು ಹೋದ ಮೇಲೆ ರೋಸ್‌ಬೆಲ್ ಕಂಪ್ಯೂಟರಿನ ಮುಂದೆ ಕೂತಳು. ಹಿಂದೆ ಸುಲ್ಪಿಸಿಯೊ ಬಂದು ನಿಂತರು.

"ಬರೆದಿದ್ದನ್ನ ನಾನು ಓದಿದೆ. ನನ್ನದೇನೂ ತಪ್ಪಿಲ್ಲ," ಎಂದರು.

"ಎಂಥ ಪ್ರೀತಿ, ಅಂದದ್ದನ್ನ ನಾನು ಬರೆದಿರ್ಲಿಲ್ಲ ನೊಂಗ್."

ಅವರು ಕೆಮ್ಮುತ್ತಾ ಆಚೆ ಹೋದರು.

ಕ್ರಿಸಾಂತಾ ಕಳಿಸಿದ್ದ ಮೂಲ ಸುದ್ದಿಯನ್ನು ರೋಸ್‌ಬೆಲ್ ತೆರೆದು ನೋಡಿದಳು. ಅಲ್ಲಿ ಪುರಿಫಿಕಾಸಿಯೊನ್ ಅವರದ್ದು ಒಂದೇ ಉದ್ದ ಸಾಲು. ಬಿಟ್ಟು ಹೋದರು, ಹಿಲಾರಿಯೊ ಪೆನ್ಯಾಫ್ಲೋರ್ ಅವರ ಮನೆಯಲ್ಲಿ ಜಾಗರಣೆ, ಎಲ್ಲವೂ ಒಂದೇ ಉಸಿರಿನಲ್ಲಿ. ತನ್ನ ಸ್ಕ್ರಿಪ್ಟ್ ಬರೆದ ಫೈಲ್ ತೆರೆದಳು. ಅಲ್ಲಿ ಎರಡು ಸಾಲು. ಸಾಲು ತುಂಡಾದ ಜಾಗದಿಂದ ಮುಂದಿನದ್ದಕ್ಕೆ ಸ್ಕ್ರಿಪ್ಟ್ ನಿಷ್ಠೆಯಿಂದ "ನಿಧನ:" ಹಚ್ಚಿತ್ತು.

ಸ್ಕ್ರೀನಿನ ಅಂಚಿಗೆ ತಾಗಿ ಮಡಚಿಕೊಂಡಿರಬೇಕು ಎಂದು ಮೊದಲು ಅಂದುಕೊಂಡಳು. ಅಕ್ಷರ ಚಿಕ್ಕದು ಮಾಡಿದಳು. ಸಾಲು ಅಲ್ಲೇ ಮುರಿದು ಬಿದ್ದಿತ್ತು. ಕಾಗದದ ಮೇಲೆ ಪ್ರಿಂಟ್ ತೆಗೆದಳು. ಅಲ್ಲೂ ಹಾಗೇ. ಜೊತೆಗೆ ಇನ್ನೊಂದು ಕಂಡಿತು: ಪ್ರತಿ ಸುದ್ದಿಯ ನಡುವೆ ಒಂದೊಂದು ಖಾಲಿ ಸಾಲು. ಇದು ತಾನು ಹಾಕಿದ್ದಲ್ಲ. ಹುಡುಕಿದಾಗ ಕಾರಣ ಸಿಕ್ಕಿತು. ಸಾಲಿನ ಕೊನೆಗೆ ಅವಳು ಸ್ಕ್ರಿಪ್ಟಿನಲ್ಲೇ ಒಂದು ಎಂಟರ್ ಹಾಕಿಸಿದ್ದಳು; ಬರೆಯುವಾಗ ಕಂಪ್ಯೂಟರ್ ಅದಕ್ಕೆ ತನ್ನ ಪಾಲಿನದ್ದನ್ನೂ ಸೇರಿಸುತ್ತಿತ್ತು. ಮದುವೆಮನೆಯಲ್ಲಿ ಇಬ್ಬರು ಅಡುಗೆಯವರೂ ಉಪ್ಪು ಹಾಕಿದ ಹಾಗೆ. ಅದನ್ನು ಸರಿಮಾಡಿದಳು. ಖಾಲಿ ಸಾಲುಗಳು ಮಾಯವಾದವು. ಪರೀಕ್ಷೆಗೆಂದು ಪುರಿಫಿಕಾಸಿಯೊನ್ ಅವರ ಸುದ್ದಿಯನ್ನು ತಾನೇ ಹೊಸದಾಗಿ ಟೈಪ್ ಮಾಡಿ ಸ್ಕ್ರಿಪ್ಟಿಗೆ ಕೊಟ್ಟಳು. ಒಂದೇ ಸಾಲಾಗಿ, ಅಚ್ಚುಕಟ್ಟಾಗಿ ಹೊರಬಂತು.

"ಮುಗೀತು ಬಿಡಿ," ಎಂದಳು ಮ್ಯಾನೇಜರಿಗೆ. "ಎಂಟರ್ ಎರಡೆರಡು ಬೀಳ್ತಿತ್ತು. ಸರಿಮಾಡ್ದೆ."

ಮರುದಿನ ಬೆಳಿಗ್ಗೆ ಕರೆಂಟ್ ಹೋಯಿತು. ರೋಸ್‌ಬೆಲ್ ಹಿತ್ತಿಲಲ್ಲಿ ಜನರೇಟರಿನ ಹಗ್ಗ ಎಳೆಯುತ್ತಿದ್ದಳು. ಅದು ಗುಡುಗಿ, ಹೊಗೆಯುಗುಳಿ, ಕೊನೆಗೂ ಶುರುವಾದಾಗ ಸ್ಟುಡಿಯೊದ ಕಂಪ್ಯೂಟರ್ ಎದ್ದು, ಸ್ಕ್ರಿಪ್ಟ್ ಓಡಿ, ಕ್ರಿಸಾಂತಾ ಆಗತಾನೇ ಕಳಿಸಿದ್ದ ತಿದ್ದುಪಡಿ ಸ್ಕ್ರೀನಿಗೆ ಬಂದಿತ್ತು. ಅದನ್ನು ನೋಡಲು ಅವಳಿಗೆ ಪುರುಸೊತ್ತಾಗಲಿಲ್ಲ. ಕೈಗೆ ಹತ್ತಿದ್ದ ಎಣ್ಣೆ ಒರೆಸಿಕೊಳ್ಳುತ್ತಾ ಒಳಗೆ ಬರುವಾಗಲೇ ಪಡಸಾಲೆಯ ಸ್ಪೀಕರಿನಲ್ಲಿ ಆರ್ಗನ್ ಕೇಳಿಸುತ್ತಿತ್ತು.

"ನಿಧನ: ನಿನ್ನೆಯ ವಾರ್ತೆಯಲ್ಲಿ ತಪ್ಪಾಗಿದ್ದಕ್ಕೆ ಮನಸಾರೆ ವಿಷಾದಿಸುತ್ತೇವೆ," ಎಂದರು ಸುಲ್ಪಿಸಿಯೊ. ಅವರ ದನಿಯಲ್ಲಿ ಸಣ್ಣದೊಂದು ಅನುಮಾನವಿತ್ತು. ಆದರೆ ಅವರು ಓದುವ ಮನುಷ್ಯ. ಓದಿದರು. "ನಿಧನ: ಹಿಲಾರಿಯೊ ಪೆನ್ಯಾಫ್ಲೋರ್, ಎಪ್ಪತ್ತಾರು ವರ್ಷ, ಆರೋಗ್ಯವಾಗಿದ್ದಾರೆ."

ರೋಸ್‌ಬೆಲ್ ಎಣ್ಣೆಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಹಾಗೇ ನಿಂತುಬಿಟ್ಟಳು.

ಟೆಲಿಫೋನು ಬಡಿದುಕೊಳ್ಳತೊಡಗಿತು. ಒಬ್ಬರು ಹಿಲಾರಿಯೊ ಮತ್ತೆ ಸತ್ತನೇ ಎಂದು ಕೇಳಿದರು. ಇನ್ನೊಬ್ಬರು, ಸತ್ತು ಆರೋಗ್ಯವಾಗಿರುವುದು ಯಾವ ಸಂತರ ಕೃಪೆಯಿಂದ, ಯಾರಿಗೆ ಹರಕೆ ಹೊರಬೇಕು ಎಂದು ಕೇಳಿದರು. ಹಿಲಾರಿಯೊ ಬರಲಿಲ್ಲ. ಅವನ ಬದಲು ಅವನ ಸೊಸೆ ಫೋನ್ ಮಾಡಿದಳು. ಮಾವ ಮಾತಾಡುತ್ತಿಲ್ಲ, ಪೆಟ್ಟಿಗೆಯ ಪಕ್ಕದ ಕುರ್ಚಿಯಿಂದ ಏಳುತ್ತಿಲ್ಲ, ರೇಡಿಯೊವನ್ನು ಕಿಟಕಿಯಿಂದಾಚೆ ಎಸೆದಿದ್ದಾರೆ ಎಂದಳು. ಬೈಗುಳವಿರಲಿಲ್ಲ. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ರೋಸ್‌ಬೆಲ್‌ಗೆ.

"ನಾಳಿದ್ದು ಆ ಹೆಂಗಸಿನ ಮಣ್ಣು," ಎಂದರು ಮ್ಯಾನೇಜರ್. "ನಾಳೆ ಬೆಳಿಗ್ಗೆ ಅವಳ ಸುದ್ದಿ ಸರಿಯಾಗಿ ಹೋಗ್ಲೇಬೇಕು. ಅಷ್ಟರಲ್ಲಿ ನಿನ್ನ ಯಂತ್ರಕ್ಕೆ ಹಿಡಿದಿರೋ ದೆವ್ವ ಬಿಡಿಸು. ಇಲ್ಲಾಂದ್ರೆ ಹಳೇ ಚೀಟಿಗೇ ಹೋಗೋಣ."

"ಚೀಟಿ ಎಷ್ಟು ಚೆನ್ನಾಗಿತ್ತು," ಎಂದರು ಸುಲ್ಪಿಸಿಯೊ, ಯಾರಿಗೂ ಅಲ್ಲವೆಂಬಂತೆ.

"ಚೀಟಿ ಇದ್ದಾಗ ನೀವು ಪಾದ್ರಿಗಳ ಹುಟ್ಟುಹಬ್ಬಾನ ನಿಧನ ವಾರ್ತೇಲಿ ಓದಿದ್ರಿ ನೊಂಗ್."

"ಅವರು ಬೇಜಾರು ಮಾಡ್ಕೊಳ್ಲಿಲ್ಲ. ನಕ್ಕರು."

ಕೂತಳು ಮತ್ತೆ. ಈಗ ಅವಳಿಗೆ ಸಿಟ್ಟು ಬಂದಿತ್ತು, ಕೆಲಸಕ್ಕೆ ಬಾರದ ಸಿಟ್ಟು. ಕೀಲಿಗಳನ್ನು ಗುದ್ದಿ ಗುದ್ದಿ ಒತ್ತುತ್ತಿದ್ದಳು. ಕಾಣದ ಎಂಟರ್‌ಗಳನ್ನು ಗುರುತು ಹಾಕಿ ತೋರಿಸುವ ತಂತ್ರಾಂಶದಲ್ಲಿ ಕ್ರಿಸಾಂತಾಳ ಫೈಲ್ ತೆರೆದಳು. ತಿದ್ದುಪಡಿಯ ಕೊನೆಯಲ್ಲಿ ಒಂದು ಎಂಟರ್. ನಡುವೆ ಎಲ್ಲೂ ಇಲ್ಲ. ಒಳಗೆ ಹೋಗುವಾಗ ಒಂದು ಸಾಲು, ಹೊರಗೆ ಬರುವಾಗ ಎರಡು. ನಡುವೆ ಇರುವುದು ಅವಳೇ ಬರೆದ ಅಂಗೈಯಷ್ಟು ಸ್ಕ್ರಿಪ್ಟ್. ಅದನ್ನು ಒಂದೊಂದೇ ಪದವಾಗಿ ಗಟ್ಟಿಯಾಗಿ ಓದಿದಳು. ಕಳ್ಳ ಮನೆಯೊಳಗೇ ಇದ್ದಾನೆ, ಮನೆಯಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ, ಆದರೂ ಕಾಣುತ್ತಿಲ್ಲ.

ತಿದ್ದುಪಡಿಯನ್ನು ತಾನೇ ಟೈಪ್ ಮಾಡಿ ಕೊಟ್ಟಳು. ಸರಿಯಾಗಿ ಬಂತು. ಕ್ರಿಸಾಂತಾಳದ್ದನ್ನು ಕೊಟ್ಟಳು. ಮುರಿಯಿತು. ಮತ್ತೆ ತನ್ನದು: ಸರಿ. ಮತ್ತೆ ಕ್ರಿಸಾಂತಾಳದ್ದು: ತುಂಡು. ಎರಡನ್ನೂ ಅಕ್ಕಪಕ್ಕ ಇಟ್ಟು ಮೂಗು ಸ್ಕ್ರೀನಿಗೆ ತಾಗುವಷ್ಟು ಹತ್ತಿರದಿಂದ ನೋಡಿದಳು. ಅವೇ ಪದ, ಅವೇ ಅಲ್ಪವಿರಾಮ, ಅವೇ ಚುಕ್ಕಿ.

"ನನ್ನ ಕೈಗೆ ಒಂದು ನ್ಯಾಯ, ಅವಳ ಕೈಗೆ ಒಂದು ನ್ಯಾಯ!" ಎಂದು ಕಂಪ್ಯೂಟರಿಗೆ ಬೈದಳು. ಆಮೇಲೆ ಅವಳಿಗನ್ನಿಸಿತು: ತಪ್ಪು ಕ್ರಿಸಾಂತಾಳದ್ದೇ. ಏನೋ ಒತ್ತುತ್ತಾಳೆ ಅವಳು. ಒತ್ತಬಾರದ್ದನ್ನು ಒತ್ತುತ್ತಾಳೆ.

ಮಧ್ಯಾಹ್ನದ ಬಿಸಿಲಿನಲ್ಲಿ ಮೋಟಾರ್‌ಬೈಕ್ ಹತ್ತಿ ಮಾರುಕಟ್ಟೆಯ ಹಿಂದಿನ ಶವಪೆಟ್ಟಿಗೆ ಅಂಗಡಿಗೆ ಹೋದಳು. ಒಳಗೆ ವಾರ್ನಿಷಿನ ವಾಸನೆ. ಸಾಲಾಗಿ ಒರಗಿಸಿದ ಬಿಳಿ, ಕಂದು ಪೆಟ್ಟಿಗೆಗಳು. ಅವುಗಳ ನಡುವೆ ಒಂದು ಮೇಜು, ಒಂದು ಹೊಸ ಕಂಪ್ಯೂಟರ್, ಅದರ ಹಿಂದೆ ಎಲ್ಲರ ನಾಂಗ್, ಅಂದರೆ ಅಕ್ಕ, ಕ್ರಿಸಾಂತಾ. ಐವತ್ತರ ಹತ್ತಿರದ ಹೆಂಗಸು, ಮುಡಿಗೆ ಬಾಚಣಿಗೆ, ಮೂಗಿನ ತುದಿಯಲ್ಲಿ ಕನ್ನಡಕ. ಊರಿನ ಸಾವುಗಳನ್ನೆಲ್ಲ ಅವಳೇ ಮಾತಾಗಿಸುತ್ತಿದ್ದಳು.

"ನಾಂಗ್, ಸಾಲಿನ ಮಧ್ಯೆ ಎಂಟರ್ ಗಿಂಟರ್ ಏನೂ ಒತ್ತಬೇಡಿ ಅಂತ ಹೇಳಿದ್ನಲ್ಲ," ಎಂದಳು ರೋಸ್‌ಬೆಲ್, ಕೂರುವುದಕ್ಕೂ ಮೊದಲೇ.

ಕ್ರಿಸಾಂತಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಏನಂದೆ?"

"ನಿಮ್ಮ ಸುದ್ದಿಗಳು ಮಾತ್ರ ಮುರೀತಿವೆ. ನಾನು ಬರೆದ್ರೆ ಮುರಿಯಲ್ಲ."

"ಓಹೋ. ಹಾಗಾದ್ರೆ ಲೋಲೊ ಹಿಲಾರಿಯೊನ, ಆ ಅಜ್ಜನ್ನ, ಎರಡು ಸಲ ಕೊಂದೋಳು ನಾನು." ಅವಳು ಕುರ್ಚಿಯ ಕೈ ತಟ್ಟಿದಳು. "ಈ ಕುರ್ಚಿಯಲ್ಲಿ ಕೂತು ನಿನ್ನಪ್ಪನ ಸುದ್ದೀನೂ ನಾನೇ ಬರೆದಿದೀನಿ ಬೆಲ್. ಆವಾಗ ಏನಾದ್ರೂ ಮುರೀತಾ? ನಿನ್ನ ಆ ಹಾಳು ಸ್ಕ್ರಿಪ್ಟ್ ಬರೋಕ್ಮುಂಚೆ ಈ ಊರಲ್ಲಿ ಸತ್ತೋರಷ್ಟೇ ಸಾಯ್ತಿದ್ರು."

ರೋಸ್‌ಬೆಲ್ ಒಂದು ಪೆಟ್ಟಿಗೆಯ ಅಂಚಿಗೆ ಒರಗಲು ಹೋಗಿ, ಏನಕ್ಕೆ ಒರಗುತ್ತಿದ್ದೇನೆಂದು ಹೊಳೆದು ನೆಟ್ಟಗೆ ನಿಂತಳು.

"ಸಿಟ್ಟು ಮಾಡ್ಕೋಬೇಡಿ ನಾಂಗ್. ನಂಗೂ ತಲೆ ಕೆಟ್ಟಿದೆ. ಪುರಿಫಿಕಾಸಿಯೊನ್ ಅಜ್ಜಿದು, ನಮ್ಮ ಪುರಿಂಗ್‌ದು, ಸುದ್ದೀನ ಇನ್ನೊಂದ್ಸಲ ಬರೀರಿ. ನಾನು ಪಕ್ಕದಲ್ಲಿ ಕೂತು ನೋಡ್ತೀನಿ, ಅಷ್ಟೆ."

"ಕಾವಲು ಕೂರ್ತೀಯ?"

"ಕಾವಲಲ್ಲ. ನೋಡ್ತೀನಿ."

ಕ್ರಿಸಾಂತಾ ಕನ್ನಡಕ ಏರಿಸಿದಳು. ಬೇಕೆಂದೇ, ಮಗುವಿಗೆ ಕಲಿಸುವವಳಂತೆ, ಒಂದೊಂದು ಕೀಲಿಯನ್ನೂ ಎತ್ತರದಿಂದ ತೋರಿಸಿ ಒತ್ತತೊಡಗಿದಳು. ಪುರಿಫಿಕಾಸಿಯೊನ್. ಪೆನ್ಯಾಫ್ಲೋರ್. ಎಂಬತ್ತೊಂದು ವರ್ಷ. ನಮ್ಮನ್ನೆಲ್ಲ ಬಿಟ್ಟು ಹೋದರು. ಇಲ್ಲಿ ಅವಳ ಬೆರಳು ಚುಕ್ಕಿಯ ಮೇಲೆ ನಿಂತಿತು. ಒಂದು ಚುಕ್ಕಿ, ಇನ್ನೊಂದು, ಮತ್ತೊಂದು.

ಮೂರನೆಯದು ಬೀಳುತ್ತಿದ್ದಂತೆ ಸ್ಕ್ರೀನಿನ ಮೇಲೆ ಆ ಮೂರೂ ಚುಕ್ಕಿಗಳು ಸಣ್ಣಗೆ ಕದಲಿ, ಒಂದಕ್ಕೊಂದು ಹತ್ತಿರ ಸರಿದು ಕೂತವು.

"ತಡೀರಿ," ಎಂದಳು ರೋಸ್‌ಬೆಲ್.

"ಎಂಟರ್ ಮುಟ್ಟಿಲ್ಲ ನಾನು!"

"ಇಲ್ಲ, ಇಲ್ಲ. ಆ ಚುಕ್ಕಿ. ಒಂದನ್ನ ಅಳಿಸಿ ನೋಡೋಣ."

ಕ್ರಿಸಾಂತಾ ಅಳಿಸುವ ಕೀಲಿಯನ್ನು ಒಂದೇ ಒಂದು ಸಲ ಒತ್ತಿದಳು. ಮೂರು ಚುಕ್ಕಿಯೂ ಒಟ್ಟಿಗೇ ಹೋದವು.

ರೋಸ್‌ಬೆಲ್ ಕುರ್ಚಿಯಿಂದ ಎದ್ದು ನಿಂತುಬಿಟ್ಟಳು. ಅವು ಮೂರು ಚುಕ್ಕಿಗಳಲ್ಲ. ಚುಕ್ಕಿ ಚುಕ್ಕಿ ಚುಕ್ಕಿ ಎಂದು ಯಾರು ಹೊಡೆದರೂ ಅಂಗಡಿಯ ಈ ಹೊಸ ಕಂಪ್ಯೂಟರ್ ಅದನ್ನು ಚಂದ ಮಾಡುವುದಕ್ಕೆಂದು ಒಂದೇ ಗುರುತಾಗಿ ಬೆಸೆದುಬಿಡುತ್ತದೆ. ಮೂರು ಕಣ್ಣಿನ ಒಂದೇ ಅಕ್ಷರ. ಅವಳು ಸ್ಟೇಷನ್ನಿನ ಹಳೆಯ ಟೈಪಿಂಗ್ ಪ್ರೋಗ್ರಾಮಿನಲ್ಲಿ ಹೊಡೆದಾಗ ಮೂರು ಮೂರಾಗಿಯೇ ಉಳಿಯುತ್ತಿದ್ದವು.

ಅಲ್ಲಿಂದ ಮುಂದಿನದ್ದು ಬೈಕಿನಲ್ಲಿ ವಾಪಸ್ ಬರುವಾಗಲೇ ಅವಳ ತಲೆಯಲ್ಲಿ ಬಿಚ್ಚಿಕೊಂಡಿತು. ಕಂಪ್ಯೂಟರಿಗೆ ಅಕ್ಷರ ಎಂದರೆ ಒಂದು ಸಂಖ್ಯೆ. ಯಾವ ಸಂಖ್ಯೆ ಯಾವ ಅಕ್ಷರ ಎಂಬುದಕ್ಕೆ ಬೇರೆ ಬೇರೆ ಕೋಷ್ಟಕಗಳಿವೆ. ಹೋದ ವಾರ ಪೆನ್ಯಾಫ್ಲೋರ್, ದುವೆನ್ಯಾಸ್ ಥರದ ಹೆಸರುಗಳು ಬಂದಾಗಲೆಲ್ಲ, ತಲೆಯ ಮೇಲೆ ಅಲೆಯಂಥ ಗೆರೆ ಹೊತ್ತ ಆ ಸ್ಪ್ಯಾನಿಷ್ ನ್ಯ (ñ) ಅಕ್ಷರವನ್ನು ಕಂಡು ಸ್ಕ್ರಿಪ್ಟ್ ಮುಗ್ಗರಿಸಿ ಬೀಳುತ್ತಿತ್ತು. ಬೇಸತ್ತು ಅವಳು ಬೇರೊಂದು ಕೋಷ್ಟಕ ಹಿಡಿಸಿದ್ದಳು. ಯಾವ ಸಂಖ್ಯೆ ಕೊಟ್ಟರೂ ತಕರಾರು ಮಾಡದೆ ನುಂಗುವ ಕೋಷ್ಟಕ ಅದು. ನ್ಯ ಸರಿಯಾಯಿತು. ಅವಳು ನೆಮ್ಮದಿಯಾಗಿ ಮರೆತಳು. ಆದರೆ ಕ್ರಿಸಾಂತಾಳ ಕಂಪ್ಯೂಟರಿನಲ್ಲಿ ಮೂರು ಚುಕ್ಕಿಯ ಗುರುತಿಗೆ ಯಾವ ಸಂಖ್ಯೆಯೋ, ಈ ಹೊಸ ಕೋಷ್ಟಕದಲ್ಲಿ ಅದೇ ಸಂಖ್ಯೆಗೆ ಅರ್ಥ ಬೇರೆ: "ಮುಂದಿನ ಸಾಲಿಗೆ ಹೋಗು." ಸಾಲುಗಳನ್ನು ಬೇರೆ ಮಾಡುವಾಗ ಸ್ಕ್ರಿಪ್ಟ್ ಆ ಮಾತನ್ನೂ ಪಾಲಿಸಿ, ಚುಕ್ಕಿಗಳನ್ನು ನುಂಗಿ, ಅಲ್ಲಿಗೇ ಕತ್ತರಿಸುತ್ತಿತ್ತು.

ಸ್ಟೇಷನ್ನಿಗೆ ಬಂದು ಫೈಲಿನ ಸಂಖ್ಯೆಗಳನ್ನೇ ಬಿಡಿಸಿ ನೋಡಿದಳು. ಅನುಮಾನವಿಲ್ಲ. ಸರಿಯಾದ ಕೋಷ್ಟಕ ಯಾವುದೆಂದು ಸ್ಕ್ರಿಪ್ಟಿಗೆ ಹೇಳಿದಳು. ಎಂಟರ್ ಇದ್ದಲ್ಲಿ ಮಾತ್ರ ಸಾಲು ಬೇರೆ ಮಾಡು, ಇನ್ಯಾವುದಕ್ಕೂ ಅಲ್ಲ, ಎಂದೂ ಹೇಳಿದಳು. ಎರಡೇ ತಿದ್ದುಪಡಿ. ಕ್ರಿಸಾಂತಾಳ ಫೈಲ್ ಕೊಟ್ಟಳು. ಒಂದೇ ಸಾಲು ಬಂತು, ನಡುವೆ ಮೂರು ಚುಕ್ಕಿಗಳೂ ಬಂದವು. ಖುಷಿಯಾಗಬೇಕಿತ್ತು. ಆಗಲಿಲ್ಲ. ಇಷ್ಟಕ್ಕೆ ಆ ಮುದುಕ ಎರಡು ದಿನ ಬೆಂದನಲ್ಲ ಎನ್ನಿಸಿ ಇನ್ನಷ್ಟು ರೇಗಿತು. ಯಾರ ಮೇಲೆ ರೇಗಬೇಕೆಂದು ಗೊತ್ತಾಗದೆ ಜನರೇಟರಿಗೊಂದು ಒದ್ದು ಬಂದಳು.

ಮ್ಯಾನೇಜರಿಗೆ ವಿವರಿಸಿದಾಗ ಅವರು ಪೂರ್ತಿ ಕೇಳಿಸಿಕೊಳ್ಳಲಿಲ್ಲ. "ಚುಕ್ಕಿಯಿಂದ ತಾನೇ? ಇನ್ನು ಯಾರೂ ಚುಕ್ಕಿ ಹಾಕಬಾರದು ಅಂತ ಕ್ರಿಸಾಂತಾಗೆ ಫೋನ್ ಮಾಡ್ತೀನಿ," ಎಂದರು.

"ಬೇಕಾಗಿಲ್ಲ, ಸರಿಮಾಡಿದೀನಿ," ಎನ್ನುವಷ್ಟರಲ್ಲಿ ಅವರು ಫೋನ್ ಮಾಡಿಯೂ ಆಗಿತ್ತು.

ಮರುದಿನ ಬೆಳಿಗ್ಗೆ ಕರೆಂಟ್ ಇತ್ತು. ರೋಸ್‌ಬೆಲ್ ಸ್ಟುಡಿಯೊದೊಳಗೇ, ಸುಲ್ಪಿಸಿಯೊ ಅವರ ಬೆನ್ನ ಹಿಂದೆ ನಿಂತಳು. ಸ್ಕ್ರೀನಿನ ಮೇಲಿನ ಸಾಲನ್ನು ತಾನು ಮೊದಲೇ ಓದಿದ್ದಳು, ಮ್ಯಾನೇಜರಿಗೆ ಓದಿಸಿದ್ದಳು, ಕಸ ಗುಡಿಸುವವಳಿಗೂ ಓದಿಸಿದ್ದಳು. ಸುಲ್ಪಿಸಿಯೊ ಮಾತ್ರ ಹಟ ಬಿಟ್ಟಿರಲಿಲ್ಲ.

"ನಿಧನ: ಪುರಿಫಿಕಾಸಿಯೊನ್ ಪೆನ್ಯಾಫ್ಲೋರ್," ಎಂದು ಶುರುಮಾಡಿದರು. "ಎಂಬತ್ತೊಂದು ವರ್ಷ, ಇಗ್‌ಬಾಲಾಂಗ್‌ನ ದರ್ಜಿ, ನಮ್ಮನ್ನೆಲ್ಲ ಬಿಟ್ಟು ಹೋದರು..." ಮೂರು ಚುಕ್ಕಿಗಳಿದ್ದಲ್ಲಿ ಅವರು ನಿಂತರು. ರೋಸ್‌ಬೆಲ್ ಸ್ಕ್ರೀನಿನತ್ತ ಬಾಗಿದಳು. "ತಮ್ಮ ಹಿಲಾರಿಯೊ ಪೆನ್ಯಾಫ್ಲೋರ್ ಅವರ ಮನೆಯಲ್ಲಿ ಜಾಗರಣೆ. ನಾಳೆ ಬೆಳಗಿನ ಪೂಜೆಯ ಬಳಿಕ ಮಣ್ಣು. ಅವರು ಹೊಲಿದ ಬಟ್ಟೆ ತೊಟ್ಟು ಶಾಲೆಗೆ ಹೋದವರೆಲ್ಲ ಬರಬೇಕಾಗಿ ವಿನಂತಿ." ಕೊನೆಯ ವಾಕ್ಯವನ್ನು ಕ್ರಿಸಾಂತಾ ಹೊಸದಾಗಿ ಸೇರಿಸಿದ್ದಳು. "ತಮ್ಮ" ಎಂಬ ಪದವನ್ನೂ ಸೇರಿಸಿದ್ದಳು, ಈ ಸಲ ಸಾಲು ಎಲ್ಲಿ ಮುರಿದರೂ ಅವನು ಸಾಯದಿರಲಿ ಎಂದು.

ಸುಲ್ಪಿಸಿಯೊ ಮೈಕ್ ಆರಿಸಿ ಹಿಂದಿರುಗಿ ನೋಡಿದರು. ಕಣ್ಣು ಒದ್ದೆಯಾಗಿತ್ತು. "ನನ್ನ ಮೊದಲನೇ ಕ್ಲಾಸಿನ ಅಂಗೀನೂ ಅವಳೇ ಹೊಲಿದದ್ದು," ಎಂದರು. "ನೆನಪೇ ಇರ್ಲಿಲ್ಲ ನೋಡು. ಆಗವಳು ಇನ್ನೂ ಹುಡುಗಿ. ತೋಳು ಉದ್ದ ಮಾಡಿ ಹೊಲಿದಿದ್ಲು, ಬೆಳೆದಾಗ ಆಗ್ಲಿ ಅಂತ."

ಸಂಜೆ ರೋಸ್‌ಬೆಲ್ ಇಗ್‌ಬಾಲಾಂಗ್‌ಗೆ ಹೋದಾಗ ಹಿಲಾರಿಯೊನ ಮನೆಯ ಅಂಗಳದಲ್ಲಿ ಕುರ್ಚಿಗಳು ಸಾಲದೆ ಜನ ಬೆಂಚು, ಮರದ ದಿಮ್ಮಿ, ತೆಂಗಿನ ಬುಡಗಳ ಮೇಲೆ ಕೂತಿದ್ದರು. ಬಿಸ್ಕತ್ತು, ಕಾಫಿ, ಬೇಯಿಸಿದ ಕಡಲೆಕಾಯಿ ಓಡಾಡುತ್ತಿದ್ದವು. ಒಂದು ಮೂಲೆಯಲ್ಲಿ ಇಸ್ಪೀಟು. ನಡುವಯಸ್ಸಿನ ಗಂಡಸರು ತಾವು ಚಿಕ್ಕವರಿದ್ದಾಗ ಪುರಿಂಗ್ ಅಳತೆ ತೆಗೆಯುತ್ತಾ ಹೊಟ್ಟೆಗೆ ಕಚಗುಳಿ ಇಡುತ್ತಿದ್ದುದನ್ನು ಹೇಳಿಕೊಂಡು ನಗುತ್ತಿದ್ದರು. ಗೌದೆನ್ಸಿಯೊ ಹುಂಜವನ್ನು ವಾಪಸ್ ತಂದು ಕಟ್ಟಿದ್ದ. ತಲೆ ತಗ್ಗಿಸಿಕೊಂಡು ಎಲ್ಲರಿಗೂ ಕಾಫಿ ಬಗ್ಗಿಸುವ ಕೆಲಸ ಮೈಮೇಲೆ ಹಾಕಿಕೊಂಡಿದ್ದ.

ರೋಸ್‌ಬೆಲ್ ಪೆಟ್ಟಿಗೆಯ ಮುಂದೆ ನಿಂತು ಪ್ರಾರ್ಥಿಸಿ, ಪಕ್ಕದ ಕುರ್ಚಿಯಲ್ಲಿದ್ದ ಹಿಲಾರಿಯೊನ ಕೈಯನ್ನು, ಹಿರಿಯರಿಗೆ ನಮಿಸುವಂತೆ, ಹಣೆಗೆ ಒತ್ತಿಕೊಂಡಳು. "ಲೋಲೊ, ನನ್ನಿಂದ..." ಎಂದು ಶುರುಮಾಡಿದಳು.

"ಕೇಳ್ದೆ," ಎಂದ ಅವನು. "ಗೌದೆನ್ಸಿಯೊ ಮನೆ ರೇಡಿಯೊದಲ್ಲಿ. ಪೂರ್ತಿ ಓದಿದ್ರು." ಪೆಟ್ಟಿಗೆಯ ಮೇಲಿನ ಹೂ ಸರಿಪಡಿಸಿದ. "ಊಟ ಆಯ್ತಾ ನಿಂದು? ಒಳಗೆ ಪನ್ಸಿಟ್ ಇದೆ. ತಿನ್ಕೊಂಡು ಹೋಗು."

ಅವಳು ಒಳಗೆ ಹೋಗಿ ಶ್ಯಾವಿಗೆ ಹಾಕಿಸಿಕೊಂಡಳು.

ಬಿಸ್ಕತ್ತಿನ ತಟ್ಟೆ ಹಂಚುತ್ತಿದ್ದದ್ದು ಕ್ರಿಸಾಂತಾ. ತಟ್ಟೆ ಸಾಲಾಗಿ ಎಲ್ಲರ ಮುಂದೆ ಬಂತು. ರೋಸ್‌ಬೆಲ್‌ಳ ಎಡಗಡೆಯವರಿಗೆ ಸಿಕ್ಕಿತು, ಬಲಗಡೆಯವರಿಗೆ ಸಿಕ್ಕಿತು.

ಜಾಗರಣೆಯ ಮನೆಯಿಂದ ನೇರವಾಗಿ ಸ್ವಂತ ಮನೆಗೆ ಯಾರೂ ಹೋಗುವುದಿಲ್ಲ. ಬೆನ್ನಿಗೆ ಬಂದದ್ದು ದಾರಿ ತಪ್ಪಲಿ ಎಂದು ನಡುವೆ ಎಲ್ಲಾದರೂ ಹೊಕ್ಕು ಹೋಗಬೇಕು. ಇಗ್‌ಬಾಲಾಂಗ್ ತಿರುವಿನಲ್ಲಿ ಹಾಗೆ ಹೊಕ್ಕು ಹೋಗುವುದಕ್ಕೆ ಇರುವುದು ಒಂದೇ ಬೇಕರಿ. ರೋಸ್‌ಬೆಲ್ ಅಲ್ಲಿ ಬೈಕ್ ನಿಲ್ಲಿಸಿದಾಗ ಎರಡು ಮೇಜುಗಳಲ್ಲಿ ಒಂದು ಇಸ್ಪೀಟಿನವರಿಂದ ತುಂಬಿತ್ತು. ಇನ್ನೊಂದರಲ್ಲಿ ಕ್ರಿಸಾಂತಾ ಒಬ್ಬಳೇ ಕೂತಿದ್ದಳು. ಬೇರೆ ದಾರಿಯಿಲ್ಲದೆ ಎದುರು ಕೂತಳು.

ಇಬ್ಬರೂ ತಂತಮ್ಮ ಬ್ರೆಡ್ ಮುರಿದರು.

"ನಿಮ್ಮ ತಪ್ಪಿರ್ಲಿಲ್ಲ ನಾಂಗ್," ಎಂದಳು ಕೊನೆಗೆ ರೋಸ್‌ಬೆಲ್. "ನನ್ನದೇ."

"ಅದು ನಂಗೆ ಮೊದಲೇ ಗೊತ್ತಿತ್ತು." ಕ್ರಿಸಾಂತಾ ಕಾಫಿಗೆ ಸಕ್ಕರೆ ಹಾಕಿಕೊಂಡಳು, ಕಲಕಿದಳು. "ನಿಮ್ಮ ಮ್ಯಾನೇಜರ್ ಫೋನ್ ಮಾಡಿದ್ರು. ಚುಕ್ಕಿ ಹಾಕ್ಬಾರ್ದಂತೆ. ನಾನು ಕೇಳ್ಲಿಲ್ಲ, ಪುರಿಂಗ್‌ಗೆ ಹಾಕ್ದೆ. ಬಿಟ್ಟು ಹೋದರು ಅಂತ ಬರೆದು ಒಂದೇ ಚುಕ್ಕಿ ಇಟ್ಟು ಮುಗಿಸೋಕೆ ನನ್ನ ಕೈಲಿ ಆಗಲ್ಲ ಬೆಲ್. ಬಾಗಿಲು ಬಡಿದ ಹಾಗಾಗುತ್ತೆ. ಮನೆಯವರು ಕೇಳ್ತಾ ಇರ್ತಾರೆ."

"ಹಾಕಿ. ಎಷ್ಟು ಬೇಕಾದ್ರೂ ಹಾಕಿ. ಈಗ ಏನೂ ಆಗಲ್ಲ."

"ಖಂಡಿತಾನಾ?"

"ಖಂಡಿತ ಅಂತ ಮೊನ್ನೇನೂ ಹೇಳಿದ್ದೆ," ಎಂದಳು ರೋಸ್‌ಬೆಲ್. "ನಾಳೆಯಿಂದ ನಾನೇ ಮೊದಲು ಓದ್ತೀನಿ. ಆಮೇಲೆ ನೊಂಗ್ ಓದ್ಲಿ, ಬಿಸಿಬಿಸಿಯಾಗಿ."

ಕ್ರಿಸಾಂತಾ ಮೂಗಿನಲ್ಲೇ ನಕ್ಕಳು. ತನ್ನ ತಟ್ಟೆಯಲ್ಲಿದ್ದ ತೆಂಗಿನಕಾಯಿ ಬ್ರೆಡ್ಡಿನ ದೊಡ್ಡ ಅರ್ಧವನ್ನು ಮುರಿದು ಮೇಜಿನ ಈಚೆಗೆ ತಳ್ಳಿದಳು. ಮಣ್ಣು ಬೆಳಗಿನ ಪೂಜೆಯ ನಂತರ, ಬಿಸಿಲೇರುವ ಮೊದಲೇ ಹೊರಡಬೇಕು, ಚರ್ಚಿನ ಹಿಂದಿನ ದಾರಿ ಕೆಸರಾಗಿದೆ, ಚಪ್ಪಲಿ ಬೇಡ, ಬೂಟು ಹಾಕಿಕೊಂಡು ಬಾ, ಎಂದಳು.